ಪರಿವೀಕ್ಷಣಾಧಿಕಾರಿಗಳ ತರಬೇತಿಗೆ ಹಣ ಬೇಕು



ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗುವಂಥದ್ದಲ್ಲದ ಅಪರಾಧ ಮಾಡಿದವರನ್ನು ಜೈಲಿಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಬಿಡಲು 1958ರ ಕೇಂದ್ರ ಕಾಯ್ದೆಯಲ್ಲಿ ಅವಕಾಶವಿದೆ. ಅಗತ್ಯವಿದ್ದರೆ ಅಂಥವರಿಗೆ ತಕ್ಕ ಉದ್ಯೋಗ ಹುಡುಕಿಕೊಡಲು ಯತ್ನಿಸುವುದೂ ಆ ಅಧಿಕಾರಿಯ ಕರ್ತವ್ಯ ಎಂದು ಅದರ 14ನೇ ಕಲಮು ಹೇಳುತ್ತದೆ. ಎಷ್ಟು ಮಾನವೀಯ ಕಾನೂನು! ಆದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಯಾರ ನಡತೆಯೂ ಬದಲಾಗುವುದಿಲ್ಲ.

ಮಾತನಾಡುವ ಕೌಶಲವನ್ನು ಅಧಿಕಾರಿಗಳಿಗೆ ಕಲಿಸಿದರೆ ಬದಲಾಗುತ್ತದೆಯೇ ಎಂದು ಕೆನಡಾದಲ್ಲಿ ಸಂಶೋಧಕ ಜೇಮ್ಸ್ ಬಾಂಟಾ ಮತ್ತು ಸಂಗಡಿಗರು ಪರೀಕ್ಷಿಸಿ ನೋಡಿದರು. ಅಪರಾಧಕ್ಕೆ ನೆಪ ಹೇಳುವ ಯೋಚನೆಗಳನ್ನು ಗುರುತಿಸುವುದು, ಅವನ್ನು ಮಾತಿನಲ್ಲೇ ಬಿಡಿಸುವುದು, ಒಳ್ಳೆಯ ಹೆಜ್ಜೆಯನ್ನು ಮೆಚ್ಚುವುದು: ಅಧಿಕಾರಿಗಳಿಗೆ ಮೂರು ದಿನ ಕಲಿಸಿದ್ದು ಇಂಥದ್ದನ್ನೇ. ಅಲ್ಲಿಗೇ ಬಿಡಲಿಲ್ಲ, ಪ್ರತಿ ತಿಂಗಳು ಸಭೆ ಸೇರಿಸಿದರು, ಸಂಭಾಷಣೆಯ ಧ್ವನಿಮುದ್ರಣ ಕೇಳಿ ತಿದ್ದಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷಗಳಲ್ಲಿ ಮತ್ತೆ ಶಿಕ್ಷೆಗೊಳಗಾದವರು ತರಬೇತಿ ಪಡೆದ ಅಧಿಕಾರಿಗಳ ಬಳಿ ಸುಮಾರು ಶೇ 25, ಉಳಿದ ಅಧಿಕಾರಿಗಳ ಬಳಿ ಸುಮಾರು ಶೇ 40. ಸಣ್ಣ ಅಧ್ಯಯನ, ನಿಜ. ಆದರೂ ದಾರಿ ಕಾಣಿಸುವಂಥದ್ದು.

ಜೈಲಿನ ಕಟ್ಟಡ, ಸಿಸಿಟಿವಿ, ಎತ್ತರದ ಗೋಡೆಗೆ ಹಣ ಕೇಳಿದರೆ ಬೇಗ ಸಿಗುತ್ತದೆ. ಮಾತನಾಡುವ ಕೌಶಲಕ್ಕೆ ಹಣ ಕೇಳಿದರೆ ಕೊಡುವವರಿಲ್ಲ. ಒಂದು ದಿನದ ಕಾರ್ಯಾಗಾರ ನಡೆಸಿ ಪ್ರಮಾಣಪತ್ರ ಹಂಚುವುದರಿಂದಲೂ ಪ್ರಯೋಜನವಿಲ್ಲ. ರಾಜ್ಯ ಸರ್ಕಾರ ಮುಂದಿನ ಬಜೆಟ್‌ನಲ್ಲಿ ಈ ತರಬೇತಿಗೆ ಪ್ರತ್ಯೇಕ ಅನುದಾನ ಇಡಲಿ. ಕಲಿತವರಿಗೆ ವರ್ಷವಿಡೀ ಮಾರ್ಗದರ್ಶನ ಸಿಗುವಂತೆ ಮಾಡಲಿ. ಖಾಲಿ ಹುದ್ದೆಗಳಿದ್ದರೆ ಮೊದಲು ಅವನ್ನು ತುಂಬಲಿ.

– ಸಮಾಜಕಾರ್ಯದ ನಿವೃತ್ತ ಉಪನ್ಯಾಸಕಿ, ಧಾರವಾಡ