ಗುಂಡಿ ಒತ್ತಿದರೆ ಕಪ್ಪು-ಬಿಳುಪು ಬರುವುದಿಲ್ಲ

ಎಲ್ಲರ ಮೊಬೈಲಿನಲ್ಲೂ ಈಗ 'ಮೋನೋ' ಅಂತ ಒಂದು ಫಿಲ್ಟರ್ ಇದೆ. ಒತ್ತಿದರೆ ಫೋಟೊದ ಬಣ್ಣ ಹೋಗುತ್ತದೆ. ಬಣ್ಣ ಹೋದದ್ದೆಲ್ಲ ಕಪ್ಪು-ಬಿಳುಪು ಫೋಟೊ ಆಗುವುದಾದರೆ ಉಪ್ಪು ಮರೆತ ಸಾರೆಲ್ಲ ಪಥ್ಯದ ಅಡುಗೆ ಆಗಬೇಕಿತ್ತು.

ಕಪ್ಪು-ಬಿಳುಪು ಒಂದು ವಿದ್ಯೆ. ಪುಸ್ತಕ, ಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು ಅದನ್ನು ಕಲಿಯಬಹುದು, ಹಳ್ಳಿಯಲ್ಲಿ ಕೂತೂ ಕಲಿಯಬಹುದು. 'ಈಗ ಯಾರ್ರೀ ಪುಸ್ತಕ ನೋಡಿ ಫೋಟೊ ಕಲೀತಾರೆ, ಯೂಟ್ಯೂಬ್ ಇಲ್ವಾ?' ಅನ್ನುವವರ ಜೊತೆಗೇ ನಮ್ಮ ಇವತ್ತಿನ ಜಗಳ.

ತಾಲ್ಲೂಕಿನಿಂದ ಸುದ್ದಿ ಕಳಿಸಿ ಬದುಕುವವರು ನಾವು. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ನಮಗೆ ಸಿಕ್ಕ ಫೋಟೊಗ್ರಫಿ ಅಂದರೆ ಕೈಬೆರಳಲ್ಲಿ ಎಣಿಸುವಷ್ಟು ತರಗತಿ. 'ಅಪರ್ಚರ್ ಎಂದರೇನು?' ಎಂಬ ಪ್ರಶ್ನೆಗೆ ಉತ್ತರ ಬರೆದು ಪಾಸಾದೆವು. ನೋಡುವುದನ್ನು ಕಲಿತದ್ದು ಆಮೇಲೆ, ರದ್ದಿ ಅಂಗಡಿಯ ಹಳೆ ಮ್ಯಾಗಜಿನ್‌ಗಳಲ್ಲಿ.

ಇದು ನಮ್ಮ ಬಡತನದ ಕತೆಯಷ್ಟೇ ಅಲ್ಲ. ಅಮೆರಿಕದ ಗಾರ್ಡನ್ ಪಾರ್ಕ್ಸ್ ಎಂಬ ಫೋಟೊಗ್ರಾಫರ್ ಹೀಗೇ ಬಂದವರು. 1912ರಲ್ಲಿ ಕನ್ಸಾಸ್ ರಾಜ್ಯದ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದರು, 15 ಮಕ್ಕಳಲ್ಲಿ ಕೊನೆಯವರು. ರೈಲಿನಲ್ಲಿ ಮಾಣಿಯಾಗಿದ್ದಾಗ ಪ್ರಯಾಣಿಕರೊಬ್ಬರು ಬಿಟ್ಟುಹೋದ ಮ್ಯಾಗಜಿನ್ ಸಿಕ್ಕಿತು. ಹೊಲ ಕಳೆದುಕೊಂಡು ಗುಳೆ ಹೊರಟ ರೈತ, ಕೂಲಿಗಳ ಫೋಟೊಗಳು ಅದರಲ್ಲಿದ್ದವು. ಅವನ್ನು ನೋಡಿದ ಮೇಲೆ ಗಿರವಿ ಅಂಗಡಿಯಲ್ಲಿ ಒಂದು ಹಳೆ ಕ್ಯಾಮೆರಾ ಕೊಂಡರು, ತಮಗೆ ತಾವೇ ಕಲಿತರು. 1948ರಲ್ಲಿ 'ಲೈಫ್' ಪತ್ರಿಕೆಯ ಮೊದಲ ಕಪ್ಪು ವರ್ಣೀಯ ಸಿಬ್ಬಂದಿ ಫೋಟೊಗ್ರಾಫರ್ ಆದರು. ಯಾರೋ ಸೀಟಿನ ಮೇಲೆ ಬಿಟ್ಟುಹೋದ ಕಾಗದಕ್ಕೆ ಅಷ್ಟು ಶಕ್ತಿ ಇತ್ತು.

ಪುಸ್ತಕ ಏನು ಕಲಿಸುತ್ತದೆ? ಒಂದು ಉದಾಹರಣೆ ಕೊಡುತ್ತೇವೆ, ಇವತ್ತೇ ಮಾಡಿ ನೋಡಿ.

ಮಧ್ಯಾಹ್ನದ ಬಿಸಿಲಲ್ಲಿ ನಿಮ್ಮ ಎಮ್ಮೆಯ ಮೈ ಫ್ರೇಮಿನ ತುಂಬ ಬರುವ ಹಾಗೆ ಫೋಟೊ ತೆಗೆಯಿರಿ. ಆಮೇಲೆ ಹಗ್ಗದ ಮೇಲೆ ಒಣಹಾಕಿದ ಬಿಳಿ ಪಂಚೆಯನ್ನು ಹಾಗೇ ತೆಗೆಯಿರಿ. ಎಮ್ಮೆ ಬೂದಿ ಬಳಿದ ಹಾಗೆ ಬರುತ್ತದೆ, ಪಂಚೆ ಕೊಳೆಯಾದ ಹಾಗೆ ಬರುತ್ತದೆ. ಯಾಕೆಂದರೆ ಕ್ಯಾಮೆರಾದೊಳಗಿನ ಬೆಳಕಿನ ಮೀಟರಿಗೆ ಎಮ್ಮೆ ಯಾವುದು, ಪಂಚೆ ಯಾವುದು ಗೊತ್ತಿಲ್ಲ. ಎದುರಿಗಿರುವುದೆಲ್ಲ ನಡುಮಧ್ಯದ ಬೂದು ಬಣ್ಣ ಎಂದೇ ಅದು ಲೆಕ್ಕ ಹಾಕುತ್ತದೆ. ಈಗಿನ ಫೋನ್ ಎಷ್ಟು ಚುರುಕಾದರೂ ಈ ಚಾಳಿಯನ್ನು ಪೂರ್ತಿ ಬಿಟ್ಟಿಲ್ಲ. ಪರದೆ ಮುಟ್ಟಿ, ಎಮ್ಮೆಗೆ ಬೆಳಕು ಇಳಿಸಿ, ಪಂಚೆಗೆ ಏರಿಸಿ. ಕಪ್ಪು ಕಪ್ಪಾಗುತ್ತದೆ, ಬಿಳಿ ಬಿಳಿಯಾಗುತ್ತದೆ.

ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಇದನ್ನೇ 1940ರ ಆಸುಪಾಸಿನಲ್ಲಿ 'ಝೋನ್ ಸಿಸ್ಟಮ್' ಎಂದು ಕ್ರಮಕ್ಕೆ ತಂದರು. ಕಡುಗಪ್ಪಿನಿಂದ ಅಚ್ಚಬಿಳುಪಿನವರೆಗೆ ಸೊನ್ನೆಯಿಂದ ಹತ್ತು, ಒಟ್ಟು 11 ಮೆಟ್ಟಿಲು. ಐದನೆಯದು ನಡುವಿನ ಬೂದು. ಗುಂಡಿ ಒತ್ತುವ ಮುಂಚೆಯೇ ಯಾವುದು ಯಾವ ಮೆಟ್ಟಿಲಲ್ಲಿ ಕೂರಬೇಕು ಎಂದು ನೀವು ತೀರ್ಮಾನಿಸಬೇಕು. ಆಡಮ್ಸ್ ಇದನ್ನು 'ದಿ ನೆಗೆಟಿವ್' ಪುಸ್ತಕದಲ್ಲಿ ಹಂತಹಂತವಾಗಿ ಬಿಡಿಸಿ ಹೇಳಿದ್ದಾರೆ. ಫಿಲ್ಮ್ ಕಾಲ ಮುಗಿದರೂ ಆ ಲೆಕ್ಕ ಮುಗಿದಿಲ್ಲ.

ಇನ್ನೊಂದು ಪಾಠ. ಗಿಡದಲ್ಲಿರುವ ಕೆಂಪು ಮೆಣಸಿನಕಾಯಿ ಹಸಿರು ಎಲೆಯ ನಡುವೆ ಕಣ್ಣಿಗೆ ಹೊಡೆಯುತ್ತದೆ. ಬಣ್ಣ ತೆಗೆದರೆ ಎಷ್ಟೋ ಸಲ ಎರಡೂ ಒಂದೇ ಬೂದು, ಕಾಯಿ ಎಲೆಯಲ್ಲಿ ಮುಳುಗಿಹೋಗುತ್ತದೆ. ಹಿಂದಿನವರು ಲೆನ್ಸಿನ ಮುಂದೆ ಕೆಂಪು ಗಾಜು ಹಾಕಿ ಕಾಯಿಯನ್ನು ಬೆಳ್ಳಗೆ, ಎಲೆಯನ್ನು ಕಪ್ಪಗೆ ಮಾಡುತ್ತಿದ್ದರು. ಅದೇ ಗಾಜು ನೀಲಿ ಆಕಾಶವನ್ನು ಕಪ್ಪಾಗಿಸಿ ಮೋಡವನ್ನು ಎತ್ತಿ ತೋರಿಸುತ್ತದೆ. ಫೋನಿನ ಹಲವು ಎಡಿಟಿಂಗ್ ಆ್ಯಪ್‌ಗಳ ಕಪ್ಪು-ಬಿಳುಪು ವಿಭಾಗದಲ್ಲಿ ಕೆಂಪು, ಹಳದಿ, ಹಸಿರು ಎಂಬ ಚುಕ್ಕಿಗಳಿರುವುದು ಇದಕ್ಕೇ. ಪಾಠ ಓದಿದವರಿಗೆ ಅದು ಸಲಕರಣೆ, ಓದದವರಿಗೆ ಆಟಿಕೆ.

'ಇದನ್ನೆಲ್ಲ ವಿಡಿಯೊದಲ್ಲೂ ಹೇಳ್ತಾರಲ್ಲ' ಅನ್ನಬಹುದು. ಹೇಳುತ್ತಾರೆ, ಚೆನ್ನಾಗಿ ಹೇಳುವವರೂ ಇದ್ದಾರೆ. ಫಿಲ್ಮ್ ತೊಳೆಯುವ ಕೈಚಳಕವನ್ನಂತೂ ಪುಸ್ತಕಕ್ಕಿಂತ ವಿಡಿಯೊದಲ್ಲಿ ನೋಡುವುದೇ ವಾಸಿ, ಅದನ್ನು ಒಪ್ಪುತ್ತೇವೆ. ಆದರೆ ವಿಡಿಯೊ ಓಡುತ್ತದೆ, ಮುಗಿಯುವ ಮುಂಚೆಯೇ ಇನ್ನೊಂದು ಬರುತ್ತದೆ. ಅಚ್ಚಾದ ಪುಟ ನಿಲ್ಲುತ್ತದೆ. ಅದನ್ನು ತಲೆಕೆಳಗು ಮಾಡಿ ನೋಡಬಹುದು. ಅರ್ಧ ಕೈಯಿಂದ ಮುಚ್ಚಿ, ಉಳಿದರ್ಧ ನಿಲ್ಲುತ್ತದೋ ಬೀಳುತ್ತದೋ ಪರೀಕ್ಷಿಸಬಹುದು. ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿ ಬೆಳಕು ಎಲ್ಲಿಂದ ಬಂತು ಎಂದು ಹೇಳಬಹುದು. ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ಕೂರುವ ತಾಳ್ಮೆಯನ್ನು ರೀಲ್ಸ್ ಕಲಿಸುವುದಿಲ್ಲ. ಕಲಿಸಿದರೆ ಅದರ ವ್ಯಾಪಾರ ನಡೆಯುವುದಿಲ್ಲ.

ಪತ್ರಿಕೆ ಕಲಿಸುವ ಇನ್ನೊಂದು ವಿದ್ಯೆ, ಫೋಟೊಗಳನ್ನು ಒಂದರ ಪಕ್ಕ ಒಂದು ಇಟ್ಟು ಕತೆ ಹೇಳುವುದು. 1948ರ ಸೆಪ್ಟೆಂಬರಿನಲ್ಲಿ 'ಲೈಫ್' ಪತ್ರಿಕೆಯಲ್ಲಿ ಯುಜೀನ್ ಸ್ಮಿತ್ ಅವರ 'ಕಂಟ್ರಿ ಡಾಕ್ಟರ್' ಬಂತು. ಕೊಲರಾಡೊದ ಕ್ರೆಮ್ಲಿಂಗ್ ಎಂಬ ಸಣ್ಣ ಊರಿನ ವೈದ್ಯ ಅರ್ನೆಸ್ಟ್ ಸೆರಿಯಾನಿ ಅವರ ಹಿಂದೆ ಸ್ಮಿತ್ ವಾರಗಟ್ಟಲೆ ತಿರುಗಿದರು. ಒಂದು ಚಿತ್ರದಲ್ಲಿ, ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ಉಳಿಯದ ರಾತ್ರಿ, ವೈದ್ಯರು ಕೈಯಲ್ಲಿ ಕಾಫಿ ಕಪ್ಪು ಹಿಡಿದು ಸೋತು ನಿಂತಿದ್ದಾರೆ. ಹೆಣವೂ ಇಲ್ಲ, ರಕ್ತವೂ ಇಲ್ಲ. ಇದ್ದರೂ ಅಷ್ಟು ಹೇಳುತ್ತಿರಲಿಲ್ಲ.

ನಮ್ಮ ತಾಲ್ಲೂಕು ಆಸ್ಪತ್ರೆಯ ನರ್ಸ್, ನಮ್ಮ ಆಶಾ ಕಾರ್ಯಕರ್ತೆ, ನೀರು ಬಿಡುವ ವಾಟರ್‌ಮನ್, ಇವರ ಮೇಲೆ ಅಂಥ ಕತೆ ಯಾಕೆ ಬರುವುದಿಲ್ಲ? ನಮ್ಮಿಂದ ಕೇಳುವುದು ಅಪಘಾತದ ಫೋಟೊ, ಭೂಮಿಪೂಜೆಯ ಫೋಟೊ, ಬರ ಬಂದಾಗ ಬಿರುಕುಬಿಟ್ಟ ಕೆರೆಯ ಫೋಟೊ. ಹಳ್ಳಿ ಸತ್ತಾಗ, ಒಣಗಿದಾಗ, ಶಾಸಕರು ಬಂದಾಗ ಮಾತ್ರ ಫೋಟೊ ಆಗುತ್ತದೆ.

ಇನ್ನೊಂದು ಕಾಟವೂ ಇದೆ. ಪಟ್ಟಣದಿಂದ ತಂಡ ಕಟ್ಟಿಕೊಂಡು ಬರುತ್ತಾರೆ. ಜಗಲಿಯ ಮೇಲೆ ಕೂತ ಅಜ್ಜನ ಸುಕ್ಕು ಮುಖ ತೆಗೆಯುತ್ತಾರೆ, ಬಣ್ಣ ತೆಗೆದು ಸುಕ್ಕನ್ನು ಇನ್ನಷ್ಟು ಕೊರೆಯುತ್ತಾರೆ, ಸ್ಪರ್ಧೆಗೆ ಕಳಿಸುತ್ತಾರೆ. ಅಜ್ಜನ ಹೆಸರು ಕೇಳಿದವರಿಲ್ಲ, ಒಂದು ಪ್ರತಿ ಕೊಟ್ಟವರಿಲ್ಲ. ಇದು ಕಲೆಯಲ್ಲ, ಲೂಟಿ. ಮೈಸೂರಿನಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ (1923-2009) ಅವರ ಕಪ್ಪು-ಬಿಳುಪು ಚಿತ್ರಗಳನ್ನು ಇವರು ಒಮ್ಮೆ ನೋಡಬೇಕು. ಸಾಮಾನ್ಯ ಜನ, ಅವರ ಕೆಲಸ, ಅವರ ಮಕ್ಕಳ ಆಟ. ಅಲ್ಲಿ ಬಡವರಿದ್ದಾರೆ, ಆದರೆ ಬಡತನದ ಪ್ರದರ್ಶನವಿಲ್ಲ.

ಸರಿ, ಪುಸ್ತಕ ಎಲ್ಲಿದೆ? ನಮ್ಮ ಸಿಟ್ಟು ಇರುವುದೇ ಇಲ್ಲಿ. ಒಳ್ಳೆಯ ಪುಸ್ತಕಗಳು ಹೆಚ್ಚಿನವು ಇಂಗ್ಲಿಷಿನಲ್ಲಿವೆ, ಬೆಲೆ ನಮ್ಮ ಕೈಗೆಟುಕುವುದಿಲ್ಲ. ಹಳೆಯ 'ಸುಧಾ', 'ಪ್ರಜಾಮತ' ಸಂಚಿಕೆಗಳು ಬಜ್ಜಿ ಕಟ್ಟಲು ಹೋದವು. ಆದರೆ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುವವರು ನಾವು ನೀವೇ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ 'ಅರಿವು ಕೇಂದ್ರ' ಎಂದು ಹೊಸ ಬೋರ್ಡು ಬಂದಿದೆ. ಒಳಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಇರಲಿ, ಬೇಡ ಅನ್ನುವುದಿಲ್ಲ. ಅದರ ಪಕ್ಕ ನೋಡುವುದನ್ನು ಕಲಿಸುವ ನಾಲ್ಕು ಪುಸ್ತಕ ಇರಬಾರದೇ? ಹಳ್ಳಿ ಹುಡುಗರು ಪೊಲೀಸ್ ಪರೀಕ್ಷೆ ಬರೆಯುವುದಕ್ಕೆ ಮಾತ್ರ ಹುಟ್ಟಿದವರೇ?

ಮುಂದಿನ ಗ್ರಾಮಸಭೆಯಲ್ಲಿ ಕೈ ಎತ್ತಿ ಮೂರು ಮಾತು ಕೇಳಿ. ಗ್ರಂಥಾಲಯ ಕರದ ಹಣ ಎಷ್ಟು ಬಂತು, ಎಷ್ಟು ಪುಸ್ತಕ ಆಯಿತು? ಫೋಟೊಗ್ರಫಿ ಪುಸ್ತಕ ತರಿಸುತ್ತೀರಾ? ಹಳೆ ಪತ್ರಿಕೆಗಳನ್ನು ರದ್ದಿಗೆ ಹಾಕುವ ಬದಲು ಹೊಲಿದು ಇಡುತ್ತೀರಾ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಅಲ್ಲಿಯವರೆಗೆ ಕೈಯಲ್ಲಿರುವ ಫೋನೇ ಸಾಕು. ಒಂದು ತಿಂಗಳು ನಿಮ್ಮ ಬೀದಿಯೊಂದನ್ನೇ ಕಪ್ಪು-ಬಿಳುಪಿನಲ್ಲಿ ತೆಗೆಯಿರಿ. ಕೇಳಿ ತೆಗೆಯಿರಿ, ಹೆಸರು ಬರೆದಿಡಿ. ಹತ್ತು ಚೆನ್ನಾದವನ್ನು ಆರಿಸಿ ಪ್ರಿಂಟ್ ಹಾಕಿಸಿ, ಫೋಟೊದಲ್ಲಿರುವವರ ಮನೆಗೆ ಒಂದೊಂದು ಕೊಟ್ಟು ಬನ್ನಿ. ಅವರು ಅದನ್ನು ಗೋಡೆಗೆ ಹಾಕಿದರೆ ನೀವು ಪಾಸು.