ಗುರುತಿಸದೆ ಉಳಿಸುವುದು ಏನನ್ನು?

ಬಿಸಿಯೇರಿದ ಕಡಲಲ್ಲಿ ಹವಳಗಳು ಬಿಳಿಚಿಕೊಳ್ಳುತ್ತಿರುವಾಗ ಹೊಸ ಪ್ರಭೇದಗಳಿಗೆ ಹೆಸರಿಡುತ್ತ ಕೂರುವುದು ದುಂದುವೆಚ್ಚ ಎಂಬ ವಾದ ಒಪ್ಪತಕ್ಕದ್ದಲ್ಲ.

ಪ್ಯಾಕಿಸೆರಿಸ್ ಸ್ಪೆಸಿಯೋಸಾ ಹವಳವನ್ನೇ ನೋಡಿ. ದಶಕಗಳ ಕಾಲ ಅದನ್ನು ಒಂದೇ ಪ್ರಭೇದವೆಂದು ಎಣಿಸಲಾಗಿತ್ತು. ನೋಟಕ್ಕೆ ಒಂದೇ ಎನಿಸುವ ಈ ಹವಳಗಳಲ್ಲಿ ಹಲವು ಪ್ರತ್ಯೇಕ ವಂಶಗಳಿವೆ ಎಂದು 2021ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ತೋರಿಸಿತು. ಅವು ಹರಡಿರುವ ಆಳ, ದೇಹಕ್ರಿಯೆ, ಸಂತಾನೋತ್ಪತ್ತಿಯ ಸಮಯ ಎಲ್ಲವೂ ಬೇರೆ. ಇವುಗಳಲ್ಲಿ ಒಂದು ವಂಶ ಅಳಿದುಹೋದರೂ ಹಳೆಯ ಪಟ್ಟಿಗೆ ಅದರ ಸುಳಿವೇ ಸಿಗದು.

ವರ್ಗೀಕರಣ ಬರೀ ನಾಮಕರಣವೂ ಅಲ್ಲ. ಸುಣ್ಣದ ಗೂಡಿನ ರಚನೆ ಪರಿಶೀಲಿಸಿ, ಡಿಎನ್‌ಎ ಹೋಲಿಸಿ, ಮೂಲ ಮಾದರಿಯನ್ನು ಸಂಗ್ರಹಾಲಯದಲ್ಲಿ ಇಡುವುದರಿಂದ ಮುಂದಿನವರು ಅದನ್ನು ಮರುಪರೀಕ್ಷಿಸಬಹುದು. 2012ರಲ್ಲಿ ಬರ್ಟ್ ಹೂಕ್ಸೆಮಾ ವಿವರಿಸಿದ ಲೆಪ್ಟೊಸೆರಿಸ್ ಟ್ರೊಗ್ಲೊಡೈಟಾ, ಕಡಲ ಗುಹೆಗಳಲ್ಲಿ ಸಹಜೀವಿ ಪಾಚಿಯ ನೆರವಿಲ್ಲದೆ ಬದುಕುತ್ತದೆ. ಇಂಥ ವ್ಯತ್ಯಾಸ ಅರಿಯದೆ ಸಂರಕ್ಷಣಾ ಯೋಜನೆ ರೂಪಿಸಲಾಗದು. ಸಂರಕ್ಷಣೆಯ ಹಣದಲ್ಲಿ ವರ್ಗೀಕರಣಕ್ಕೂ ಪಾಲು ಸಿಗಲೇಬೇಕು.