ಕಾಯಿಲೆ ಹಕ್ಕಿಗೋ, ಹುಲ್ಲಿಗೋ?

ಅಮೆರಿಕದ ಬಾಬ್‌ವೈಟ್ ಲಾವಕ್ಕಿಯ ಆಯಸ್ಸು ಬಹಳ ಕಡಿಮೆ. ಈ ವರ್ಷ ನೂರು ಹಕ್ಕಿಗಳಿದ್ದರೆ ಬರುವ ವರ್ಷಕ್ಕೆ ಉಳಿಯುವುದು ಇಪ್ಪತ್ತೋ ಮೂವತ್ತೋ. ಗಿಡುಗ, ನರಿ, ಹಾವು, ಚಳಿ, ಬಂದೂಕು, ಇಷ್ಟಕ್ಕೂ ಬಲಿಯಾಗುತ್ತ ಅದು ಇಲ್ಲಿಯವರೆಗೆ ಬಾಳಿಬಂದಿರುವುದು ಮೊಟ್ಟೆಯ ಬಲದಿಂದ. ಒಂದು ಗೂಡಿಗೆ 12ರಿಂದ 14 ಮೊಟ್ಟೆ, 23 ದಿನದ ಕಾವು. ಗೂಡು ಹಾಳಾದರೆ ಇನ್ನೊಂದನ್ನು ಕಟ್ಟುತ್ತದೆ. ಕೆಲವೆಡೆ ಗಂಡೇ ಕಾವಿಗೆ ಕೂತು, ಹೆಣ್ಣು ಅಷ್ಟರಲ್ಲಿ ಮತ್ತೊಂದು ಸಂಸಾರ ಹೂಡುವುದೂ ಉಂಟು. ಇಂಥ ಜೀವಿಯನ್ನು ಉಳಿಸುವುದೆಂದರೆ ಏನು? ಒಂದೊಂದು ಹಕ್ಕಿಯ ಪ್ರಾಣವನ್ನೂ ಕಾಯುತ್ತ ಕೂರುವುದೆ, ಸತ್ತಷ್ಟನ್ನು ಮತ್ತೆ ತುಂಬಿಕೊಳ್ಳಲು ಅದಕ್ಕೆ ಬೇಕಾದ ನೆಲವನ್ನು ಒದಗಿಸುವುದೆ?

ಉತ್ತರ ಎರಡನೆಯದೆಂದು ನನ್ನ ನಂಬಿಕೆ. ಆದರೆ ಮನುಷ್ಯರು ಪ್ರತಿ ಸಲವೂ ಮೊದಲನೆಯದರ ಕಡೆಗೇ ವಾಲುತ್ತಾರೆ, ಏಕೆಂದರೆ ಅದಕ್ಕಾಗಿ ನಮ್ಮ ಬೇಸಾಯವನ್ನೂ ಭೂಮಿಯ ಲೆಕ್ಕಾಚಾರವನ್ನೂ ಬದಲಿಸಬೇಕಿಲ್ಲ.

ಅಮೆರಿಕದಲ್ಲಿ ಮರಿಮಾಡುವ ಕಾಲದ ಹಕ್ಕಿಗಳ ವಾರ್ಷಿಕ ಗಣತಿ ಶುರುವಾದದ್ದು 1966ರಲ್ಲಿ. ಅಲ್ಲಿಂದೀಚೆಗೆ ಬಾಬ್‌ವೈಟ್ ಶೇಕಡಾ 80ಕ್ಕೂ ಹೆಚ್ಚು ಕಡಿಮೆಯಾಗಿದೆ. ಆತಂಕ ಮಾತ್ರ ಅದಕ್ಕಿಂತ ಹಳೆಯದು. 1920ರ ದಶಕದಲ್ಲೇ ಜಾರ್ಜಿಯ ಮತ್ತು ಫ್ಲೋರಿಡದ ಬೇಟೆಪ್ರಿಯ ಜಮೀನ್ದಾರರು ಹಕ್ಕಿ ಕಡಿಮೆಯಾಯಿತೆಂದು ಕಂಗಾಲಾಗಿ, ತಾವೇ ಹಣ ಹಾಕಿ ಹರ್ಬರ್ಟ್ ಸ್ಟಾಡರ್ಡ್ ಎಂಬ ನಿಸರ್ಗತಜ್ಞನಿಂದ ಅಧ್ಯಯನ ಮಾಡಿಸಿದರು. 1931ರಲ್ಲಿ ಅವನು ಬರೆದ ಪುಸ್ತಕದಲ್ಲಿ ಎಲ್ಲರಿಗೂ ಗಂಟಲಲ್ಲಿ ಸಿಕ್ಕಿಕೊಂಡದ್ದು ಬೆಂಕಿಯ ವಿಚಾರ. ಆಗಾಗ ಹದವಾಗಿ ಬೆಂಕಿ ಹಾಕದಿದ್ದರೆ ಪೈನ್ ಕಾಡಿನ ತಳದಲ್ಲಿ ಪೊದೆ ಮತ್ತು ತರಗು ಒತ್ತೊತ್ತಾಗಿ ತುಂಬಿ ಲಾವಕ್ಕಿಗೆ ಕಾಲಿಡಲು ಜಾಗ ಇರುವುದಿಲ್ಲ ಎಂದು ಅವನು ಕಂಡುಕೊಂಡಿದ್ದ. ಬೆಂಕಿಯನ್ನೇ ಕಾಡಿನ ಪರಮಶತ್ರು ಎಂದು ಸಾರುತ್ತಿದ್ದ ಅರಣ್ಯಾಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಆ ಭಾಗವನ್ನು ಅವನು ಮೆತ್ತಗೆ ಮಾಡಬೇಕಾಯಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ‘ತರಗು ಬೆಂಕಿ’ಯ ಬಗ್ಗೆ ಹೇಳುವುದು ಇದಕ್ಕೆ ಬಹಳ ಹತ್ತಿರದ ಮಾತು. ಆ ಬೆಂಕಿ ನಿಂತ ಮೇಲೆ ಲಂಟಾನ ಕಾಡನ್ನು ಆವರಿಸಿತು ಎನ್ನುತ್ತಾರೆ ಅವರು. ಅವರ ಮಾತು ಪುಸ್ತಕದ ಪುಟಕ್ಕೆ ಬರಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ಬೆಂಕಿ ಏಕೆ ಬೇಕು ಎಂಬುದು ಮರಿಯ ಗಾತ್ರ ನೋಡಿದರೆ ತಿಳಿಯುತ್ತದೆ. ಮೊಟ್ಟೆಯೊಡೆದ ಮರಿ ದುಂಬಿಗಿಂತ ಹೆಚ್ಚು ದೊಡ್ಡದಲ್ಲ. ಮೊದಲ ವಾರಗಳಲ್ಲಿ ಅದರ ಊಟ ಹೆಚ್ಚೂಕಡಿಮೆ ಹುಳುಹುಪ್ಪಟೆಯೇ. ಗೂಡಿಗೆ ಹಿಂದಿನ ವರ್ಷದ ಒಣಹುಲ್ಲಿನ ಗೊಂಚಲು ಬೇಕು, ತಲೆಯ ಮೇಲೆ ಗಿಡುಗನ ಕಣ್ಣು ತಪ್ಪಿಸುವಷ್ಟು ಸೊಪ್ಪು ಬೇಕು, ಕಾಲಡಿಯಲ್ಲಿ ಓಡಾಡಲು ಬರಿನೆಲವೂ ಬೇಕು. ಈ ಮೂರೂ ಒಂದೇ ಕಡೆ ಸಿಗುವುದು ಗೊಂಚಲು ಗೊಂಚಲಾಗಿ ಬೆಳೆಯುವ, ಆಗಾಗ ಬೆಂಕಿ ಕಂಡ ನಾಡಹುಲ್ಲಿನಲ್ಲಿ. ಯುರೋಪಿನಿಂದ ಬಂದ ಫೆಸ್ಕ್ಯೂ ಹುಲ್ಲಿನ ‘ಕೆಂಟಕಿ 31’ ತಳಿ 1943ರಲ್ಲಿ ಬಿಡುಗಡೆಯಾಗಿ ದನದ ಮೇವಿಗೆಂದು ಲಕ್ಷಾಂತರ ಎಕರೆಗೆ ಹಬ್ಬಿತು. ಅದು ನೆಲಕ್ಕೆ ಕಂಬಳಿ ಹಾಸಿದಂತೆ ಬೆಳೆಯುತ್ತದೆ. ಆ ಹಾಸಿನಲ್ಲಿ ಮರಿ ನಾಲ್ಕು ಹೆಜ್ಜೆ ಇಡಲಾರದು.

ಹುಲ್ಲು ಬದಲಿಸುವುದು ಕಷ್ಟ, ಹಕ್ಕಿ ಬಿಡುವುದು ಸುಲಭ. ಹಾಗಾಗಿ ಫಾರಂಗಳಲ್ಲಿ ಸಾಕಿದ ಬಾಬ್‌ವೈಟ್‌ಗಳನ್ನು ದಶಕಗಳಿಂದ ಕಾಡಿಗೆ ಬಿಡುತ್ತಲೇ ಬಂದಿದ್ದಾರೆ. ಹೆಚ್ಚಿನವು ಕೆಲವೇ ವಾರಗಳಲ್ಲಿ ಸಾಯುತ್ತವೆ. 1950ರ ದಶಕದಲ್ಲಿ ಹಲವು ರಾಜ್ಯಗಳು ಜಪಾನಿ ಲಾವಕ್ಕಿಯನ್ನು ಲಕ್ಷಗಟ್ಟಲೆ ಬಿಟ್ಟವು. (ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ಚುಕ್ಕೆಚುಕ್ಕೆಯ ಪುಟ್ಟ ಮೊಟ್ಟೆ ಇದರದ್ದೇ.) ಅದು ಅಲ್ಲಿ ಒಂದು ಕಡೆಯೂ ನೆಲೆ ನಿಲ್ಲಲಿಲ್ಲ.

ನನ್ನ ವಾದಕ್ಕೆ ನಿಜವಾದ ಎದುರುವಾದ ಇರುವುದು ಟೆಕ್ಸಸ್‌ನಲ್ಲಿ. 2010ರಲ್ಲಿ ಅಲ್ಲಿನ ಪಶ್ಚಿಮದ ಬಯಲುಗಳಲ್ಲಿ ಮಳೆ ಚೆನ್ನಾಗಿತ್ತು, ಹುಲ್ಲೂ ಇತ್ತು, ಆದರೂ ಬೇಸಿಗೆ ಕಳೆಯುವಷ್ಟರಲ್ಲಿ ಹಕ್ಕಿಗಳು ಮಾಯವಾದವು. ಮರುವರ್ಷ ಆರಂಭವಾದ ದೊಡ್ಡ ತನಿಖೆಯಲ್ಲಿ ಬಹಳ ಹಕ್ಕಿಗಳ ಕಣ್ಣಿನಲ್ಲಿ, ಮೂರನೆಯ ರೆಪ್ಪೆಯ ಅಡಿಯಲ್ಲಿ, ಆಕ್ಸಿಸ್ಪೈರೂರ ಎಂಬ ಹುಳು ಸಿಕ್ಕಿತು. ಕರುಳಿನಲ್ಲಿ ಇನ್ನೊಂದು ಹುಳು. ಕಣ್ಣುಹುಳು ಹಕ್ಕಿಯ ದೇಹ ಸೇರುವುದು ಮಿಡತೆ, ಜೀರುಂಡೆಗಳ ಮೂಲಕ, ಅಂದರೆ ಹಕ್ಕಿಯ ಮರಿಗಳನ್ನು ಬೆಳೆಸುವ ಊಟದ ಮೂಲಕವೇ. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ತಂಡ ವರ್ಷಗಟ್ಟಲೆ ದುಡಿದು ಫೆನ್‌ಬೆಂಡಜೋಲ್ ಎಂಬ ಹುಳುಮದ್ದು ಬೆರೆಸಿದ ಕಾಳು ತಯಾರಿಸಿತು. 2024ರಲ್ಲಿ ಅದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆಯ (ಎಫ್‌ಡಿಎ) ಒಪ್ಪಿಗೆಯೂ ದೊರೆಯಿತು.

ನೆಲ ಸರಿಯಿದ್ದರೆ ಸಾಕು ಎನ್ನುವವರು ಈ ಶ್ರಮವನ್ನು ಗೇಲಿ ಮಾಡಬಾರದು. ಕಣ್ಣು ಮಂಜಾದ ಹಕ್ಕಿ ಗಿಡುಗನಿಗೆ ಸುಲಭದ ತುತ್ತು. ಆದರೆ ಹುಳುವಿರುವುದು ಒಂದು ಮಾತು, ಹುಳುವಿನಿಂದಲೇ ಸಂತತಿ ಕುಸಿಯಿತೆನ್ನುವುದು ಇನ್ನೊಂದು ಮಾತು. ಎರಡನೆಯದರ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಮದ್ದಿನ ಕಾಳು ವಿಶಾಲವಾದ ಹುಲ್ಲುಗಾವಲನ್ನು ಇನ್ನೂ ಉಳಿಸಿಕೊಂಡಿರುವ ಟೆಕ್ಸಸ್‌ಗೆ ಉಪಯೋಗಕ್ಕೆ ಬರಬಹುದು. ಫೆಸ್ಕ್ಯೂ ಹಾಸಿನ ನಡುವೆ ತುಣುಕು ಜಾಗದಲ್ಲಿ ಸಿಕ್ಕಿಕೊಂಡ ಹಿಂಡಿಗೆ ಅದು ಏನು ಮಾಡೀತು?

ಬಂದೂಕಿನ ಪ್ರಶ್ನೆ ನಮಗೆ ಇನ್ನೂ ಇರುಸುಮುರುಸಿನದು. ಚಳಿಗಾಲಕ್ಕೆ ಹೇಗೂ ಸಾಯುವ ಹಕ್ಕಿಯನ್ನು ಹೊಡೆದರೆ ನಷ್ಟವಿಲ್ಲ ಎಂಬ ವಾದಕ್ಕೆ ಪಾಲ್ ಎರಿಂಗ್ಟನ್ ಎಂಬ ವಿಜ್ಞಾನಿಯ ಬರಹಗಳು ಬಲ ಕೊಟ್ಟವು. ಆಮೇಲಿನ ಅಧ್ಯಯನಗಳು ಅದಕ್ಕೊಂದು ಮಿತಿ ಹಾಕಿವೆ: ಬೇಟೆಯ ಋತುವಿನ ಕೊನೆಯಲ್ಲಿ ಹೊಡೆದದ್ದು ಮರಿಮಾಡಬೇಕಿದ್ದ ಹಕ್ಕಿಯನ್ನೇ ಕಸಿಯುತ್ತದೆ. ಇಷ್ಟಿದ್ದರೂ ಒಂದು ಸಂಗತಿ ಉಳಿಯುತ್ತದೆ. 1937ರ ಕಾನೂನಿನಂತೆ ಅಲ್ಲಿ ಬಂದೂಕು, ತೋಟಾಗಳ ಮೇಲಿನ ತೆರಿಗೆ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ಬೇಟೆಯನ್ನು ನಾನು ಮೆಚ್ಚಲಾರೆ, ಹಕ್ಕಿಯ ನೆಲಕ್ಕೆ ದುಡ್ಡು ಕೊಟ್ಟವರಲ್ಲಿ ಬೇಟೆಗಾರರೇ ಮುಂದಿದ್ದರು ಎಂಬುದನ್ನು ಅಲ್ಲಗಳೆಯಲೂ ಆರೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಕಾಡು ಲಾವಕ್ಕಿಯ ಬೇಟೆಯನ್ನು ನಿಷೇಧಿಸಿದೆ. ಒಳ್ಳೆಯದೇ. ಆದರೆ ಉತ್ತರ ಕರ್ನಾಟಕದ ಒಣ ಹುಲ್ಲುಗಾವಲಿನಲ್ಲಿ, ಕುರುಚಲಿನಲ್ಲಿ ಬದುಕುವ ಪೊದೆ ಲಾವಕ್ಕಿಯ ನೆಲ ಸರ್ಕಾರಿ ನಕಾಶೆಯಲ್ಲಿ ಎಷ್ಟೋ ಸಲ ‘ಬಂಜರು’ ಎನಿಸಿಕೊಳ್ಳುತ್ತದೆ. ಕೃಷ್ಣಮೃಗಕ್ಕೆಂದೇ ಮೀಸಲಿಟ್ಟ ರಾಣೆಬೆನ್ನೂರು ಅಭಯಾರಣ್ಯದಲ್ಲೂ ಬಹುಭಾಗಕ್ಕೆ ನೀಲಗಿರಿ ಹಾಕಿಬಿಟ್ಟರು. ಹಕ್ಕಿ ಹೊಡೆದವನಿಗೆ ದಂಡ, ಅದರ ಹುಲ್ಲು ಅಳಿಸಿ ಮರ ನೆಟ್ಟವನಿಗೆ ಶಾಲು ಹೊದಿಸಿ ಸನ್ಮಾನ. ಮುಂದಿನ ಮುಂಗಾರಿಗೆ ನಿಮ್ಮೂರಿನ ಗೋಮಾಳದಲ್ಲಿ ವನಮಹೋತ್ಸವ ಗೊತ್ತಾದರೆ, ಗುಂಡಿ ತೋಡುವ ಮೊದಲು ಅಲ್ಲಿನ ಹುಲ್ಲಿನ ಬುಡ ನೋಡಿ. ಗೂಡು ಕಂಡರೆ ಸಸಿಗಳನ್ನು ಶಾಲೆಯ ಅಂಗಳಕ್ಕೋ ರಸ್ತೆಯ ಬದಿಗೋ ಒಯ್ಯುವಂತೆ ಪಂಚಾಯಿತಿಗೆ ಹೇಳಿ.